ಪರವಾನಗಿಯ ಜೊತೆಗೆ ಹೊಣೆಯೂ ಗಡಿ ದಾಟಲಿ



ಹುಬ್ಬಳ್ಳಿಯಲ್ಲಿ ಮಾಡಿಸಿದ ಡ್ರೈವಿಂಗ್ ಲೈಸೆನ್ಸ್ ಪಣಜಿಯಲ್ಲೂ ನಡೆಯುತ್ತದೆ. ಅಮೆರಿಕದ ಮಸಾಜ್ ಥೆರಪಿಸ್ಟ್‌ಗಳಿಗೆ ಅಂಥ ಅನುಕೂಲವಿಲ್ಲ. ಅಲ್ಲಿ ಇಂಥ ವೃತ್ತಿಗಳಿಗೆ ಪರವಾನಗಿ ಕೊಡುವುದು ಆಯಾ ರಾಜ್ಯದ ಅಧಿಕಾರ. ಟೆಕ್ಸಾಸಿನಲ್ಲಿ 500 ಗಂಟೆಗಳ ತರಬೇತಿ ಸಾಕು, ನ್ಯೂಯಾರ್ಕಿನಲ್ಲಿ 1000 ಗಂಟೆ ಆಗಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಪರವಾನಗಿಯೇ ಇಲ್ಲ. ಇಷ್ಟಪಟ್ಟವರು ಪಡೆಯುವ ಪ್ರಮಾಣಪತ್ರವಿದೆ.

ಇದರ ಬಿಸಿ ತಟ್ಟುವುದು ಗಡಿ ಊರುಗಳಿಗೆ. ಒಹಾಯೊ ರಾಜ್ಯದ ಸಿನ್ಸಿನಾಟಿಯಿಂದ ಸೇತುವೆ ದಾಟಿದರೆ ಕೆಂಟಕಿ ಸಿಗುತ್ತದೆ. ಆದರೆ ಅಲ್ಲಿ ಒಬ್ಬರ ಬೆನ್ನುನೋವಿಗೆ ಮಸಾಜ್ ಮಾಡಬೇಕಾದರೆ ಮತ್ತೊಂದು ಪರವಾನಗಿ ಬೇಕು, ಮತ್ತೊಮ್ಮೆ ಶುಲ್ಕ ಕಟ್ಟಬೇಕು. ಮತ್ತೆ ಮತ್ತೆ ವರ್ಗವಾಗುವ ಸೈನಿಕರ ಪತ್ನಿಗೋ ಪತಿಗೋ ಈ ಕಸುಬಿದ್ದರೆ, ಪ್ರತಿ ವರ್ಗಾವಣೆಯಲ್ಲೂ ದುಡಿಮೆಗೆ ತೊಡಕಾಗಬಹುದು.

ಇದಕ್ಕೆ ಪರಿಹಾರವಾಗಿ ರೂಪುಗೊಂಡದ್ದು ಅಂತರರಾಜ್ಯ ಮಸಾಜ್ ಒಪ್ಪಂದ. ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲವೂ ಇದಕ್ಕಿದೆ. 2023ರಲ್ಲಿ ಇದನ್ನು ಮೊದಲು ಕಾನೂನಾಗಿಸಿದ ರಾಜ್ಯ ನೆವಾಡ. ಒಪ್ಪಂದಕ್ಕೆ ಜೀವ ಬರಬೇಕಾದರೆ ಏಳು ರಾಜ್ಯಗಳು ಅದೇ ಕಾನೂನು ಮಾಡಬೇಕು. ಆಮೇಲೆ ತಮ್ಮ ರಾಜ್ಯದ ಪರವಾನಗಿ, ಕನಿಷ್ಠ 625 ಗಂಟೆಗಳ ಶಿಕ್ಷಣ, ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆ, ಅಪರಾಧ ಹಿನ್ನೆಲೆಯ ತಪಾಸಣೆ ಇಷ್ಟನ್ನೂ ದಾಟಿದವರು ಸದಸ್ಯ ರಾಜ್ಯಗಳಲ್ಲೆಲ್ಲ ಕೆಲಸ ಮಾಡಬಹುದು.

ಆ 625ರ ಬಗ್ಗೆ ತಕರಾರಿದೆ. 500 ಗಂಟೆ ಕಲಿತು ವರ್ಷಗಟ್ಟಲೆ ಕೈ ಪಳಗಿಸಿಕೊಂಡವರು, ಮತ್ತೆ ಶಾಲೆಗೆ ಹೋಗಬೇಕೇ ಎಂದು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಅನುಭವಕ್ಕೂ ಬೆಲೆ ಸಿಗಬೇಕು. ಆದರೆ ಹಿನ್ನೆಲೆಯ ತಪಾಸಣೆಯನ್ನು ಮಾತ್ರ ಸಡಿಲಿಸಬಾರದು. ಮುಚ್ಚಿದ ಕೋಣೆಯಲ್ಲಿ ಅಪರಿಚಿತರ ಕೈಗೆ ಮೈ ಒಪ್ಪಿಸುವವರಿಗೆ ಭರವಸೆ ಬೇಕು. ಮಸಾಜ್ ಹೆಸರಿನಲ್ಲಿ ಮಾನವ ಕಳ್ಳಸಾಗಣೆ ನಡೆಸುವವರೂ ಅಮೆರಿಕದಲ್ಲಿ ಇದ್ದಾರೆ.

ನನಗೆ ಈ ಒಪ್ಪಂದದಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಓಡಾಟದ ಅನುಕೂಲವಲ್ಲ, ಅದರ ಜೊತೆ ಬರುವ ಹೊಣೆ. ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತಾರೋ ಆ ರಾಜ್ಯದ ಕಾನೂನಿಗೆ ಥೆರಪಿಸ್ಟ್‌ಗಳು ತಲೆಬಾಗಬೇಕು. ಶಿಸ್ತುಕ್ರಮದ ಮಾಹಿತಿಯನ್ನು ಸದಸ್ಯ ರಾಜ್ಯಗಳು ಹಂಚಿಕೊಳ್ಳಬೇಕು. ಒಂದೂರಲ್ಲಿ ತಪ್ಪು ಮಾಡಿ ಇನ್ನೊಂದೂರಲ್ಲಿ ಹೊಸ ಬೋರ್ಡು ಹಾಕುವ ದಾರಿ ಆಗ ಮುಚ್ಚುತ್ತದೆ. ಕಸುಬುದಾರರು ಎಷ್ಟು ಸಲೀಸಾಗಿ ಗಡಿ ದಾಟುತ್ತಾರೋ, ಅವರ ಮೇಲಿನ ದೂರೂ ಅಷ್ಟೇ ಸಲೀಸಾಗಿ ದಾಟಬೇಕು.