ಇಪ್ಪತ್ತೊಂದರ ಆಟ: ಕೊನೆಯ ಎಲೆ ಯಾರ ಕೈಯಲ್ಲಿ?

(ಮುಂಬಯಿಯಿಂದ ಸಾಸವಡಕ್ಕೆ ಹೋಗಿದ್ದ ಸದಸ್ಯರ ಪ್ರವಾಸಕೂಟದಲ್ಲಿ ಮಾಡಿದ ಭಾಷಣ)



ಜೆಜೂರಿಯ ಖಂಡೋಬನ, ಎಂದರೆ ನಮ್ಮ ಮೈಲಾರನ, ದರ್ಶನ ಮುಗಿಸಿ ಈ ಊರಿಗೆ ಬಂದಿದ್ದೇವೆ. ಸೋಪಾನದೇವರ ಸಮಾಧಿಯನ್ನು ಕಂಡೆವು. ಆಚಾರ್ಯ ಅತ್ರೆಯವರು ತಮ್ಮ ಆತ್ಮಕಥೆಗೆ ಹೆಸರಾಗಿಟ್ಟುಕೊಂಡ ಕರ್ಹಾ ನದಿಯ ನೀರನ್ನೂ ಕಂಡೆವು. ಊಟ ಮುಗಿಯುತ್ತಲೇ ತರುಣ ಮಿತ್ರರು ಇಸ್ಪೀಟಿನ ಕಟ್ಟು ಬಿಚ್ಚಿದರು. ಅವರಿಗೆ ಬ್ಲ್ಯಾಕ್‌ಜಾಕ್ ಕಲಿಯಬೇಕಂತೆ. ಹಿರಿಯರು ಕೆಲವರು ಮುಖ ಸಿಂಡರಿಸಿದರು. ಆದರೆ ಬೈದರೆ ಆಟ ನಿಲ್ಲುವುದಿಲ್ಲ, ರೂಮಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಅಷ್ಟೆ. ಆದುದರಿಂದ ಕಲಿಸಿಯೇ ಬಿಡೋಣ. ಪಣಕ್ಕೆ ದುಡ್ಡು ಬೇಡ. ಸಾಸವಡದ ಸೀತಾಫಲಕ್ಕೆ ಹೆಸರಿದೆ. ಅದರ ಬೀಜ ಸಾಕು.

ಆಟ ಸುಲಭ. ಎರಡರಿಂದ ಹತ್ತರವರೆಗಿನ ಎಲೆಗಳಿಗೆ ಅವುಗಳ ಅಂಕಿಯೇ ಬೆಲೆ. ಗುಲಾಮ, ರಾಣಿ, ರಾಜ ಮೂವರಿಗೂ ಹತ್ತು ಹತ್ತು. ಇಲ್ಲಿ ರಾಜನೂ ಗುಲಾಮನೂ ಸರಿಸಮಾನರು, ನಮ್ಮ ಸಂಘಕ್ಕೆ ಒಪ್ಪುವ ಸಂಗತಿ! ಎಕ್ಕ ಒಂದೂ ಆದೀತು, ಹನ್ನೊಂದೂ ಆದೀತು. ಎಲ್ಲರಿಗೂ ಎರಡೆರಡು ಎಲೆ. ಬ್ಯಾಂಕು ಹಿಡಿದವನ ಒಂದು ಎಲೆ ಅಂಗಾತ, ಇನ್ನೊಂದು ಬೋರಲು. ನಿಮ್ಮ ಸರದಿ ಬಂದಾಗ "ಇನ್ನೊಂದು" ಎನ್ನಿ ಅಥವಾ "ಸಾಕು" ಎನ್ನಿ. ಮೊತ್ತ ಇಪ್ಪತ್ತೊಂದನ್ನು ಮೀರಬಾರದು. ಮೀರದೆ ಬ್ಯಾಂಕಿನವನಿಗಿಂತ ಮೇಲಿರಬೇಕು. ಸಮವಾದರೆ ಪಣ ವಾಪಸು. ಅವನಿಗೆ ಮಾತ್ರ ಇಷ್ಟಬಂದಂತೆ ಆಡುವ ಹಕ್ಕಿಲ್ಲ: ಹದಿನಾರರವರೆಗೆ ಎಲೆ ತೆಗೆಯಲೇಬೇಕು, ಹದಿನೇಳಕ್ಕೆ ನಿಲ್ಲಲೇಬೇಕು. ಮೊದಲ ಎರಡೇ ಎಲೆಯಲ್ಲಿ ಎಕ್ಕವೂ ಹತ್ತೂ ಕೂಡಿದರೆ ಅದೇ ಬ್ಲ್ಯಾಕ್‌ಜಾಕ್; ಎರಡು ಕಟ್ಟಿದವನಿಗೆ ಮೂರು ಲಾಭ. ಅದು ಸುಮಾರು ಇಪ್ಪತ್ತೊಂದು ಕೈಗೆ ಒಮ್ಮೆ ಬರುತ್ತದೆ.

ಇದನ್ನು ಕೇಳಿದವರು, "ಬ್ಯಾಂಕಿನವನ ಕೈಯನ್ನೇ ಕಟ್ಟಿಹಾಕಿದೆ, ನಮಗೆ ಸ್ವಾತಂತ್ರ್ಯ ಕೊಟ್ಟಿದೆ, ಇದು ನ್ಯಾಯದ ಆಟ" ಎನ್ನುತ್ತಾರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಯಾರು ಮೊದಲು ಆಡುತ್ತಾರೆ? ನೀವು. ಯಾರು ಕೊನೆಗೆ? ಅವನು. ನಿಮ್ಮ ಮೊತ್ತ ಇಪ್ಪತ್ತೆರಡಾದ ಕ್ಷಣವೇ ನಿಮ್ಮ ಬೀಜ ಅವನ ರಾಶಿಗೆ ಹೋಯಿತು. ಆಮೇಲೆ ಅವನದೂ ಇಪ್ಪತ್ತೊಂದು ಮೀರಿದರೆ ನಿಮ್ಮದು ವಾಪಸು ಬರುತ್ತದೆಯೇ? ಇಲ್ಲ. ಇಬ್ಬರೂ ಮುಳುಗಿದ ಕೈಯಲ್ಲಿ ಗೆದ್ದವನು ಅವನು.

ಈ ಸಣ್ಣ ನಿಯಮದ ಬೆಲೆ ಎಷ್ಟು? ಹದಿನೇಳರವರೆಗೆ ಎಳೆಯುವವನು ನೂರರಲ್ಲಿ ಸುಮಾರು ಇಪ್ಪತ್ತೆಂಟು ಸಲ ಮುಳುಗುತ್ತಾನೆ. ನೀವೂ ಅವನಂತೆಯೇ ಆಡಿದರೆ ಇಬ್ಬರೂ ಮುಳುಗುವುದು ನೂರರಲ್ಲಿ ಎಂಟು ಸಲ. ಆ ಎಂಟೂ ಅವನಿಗೆ. ಬ್ಲ್ಯಾಕ್‌ಜಾಕಿನ ಹೆಚ್ಚುವರಿಯಿಂದ ಎರಡು ಚಿಲ್ಲರೆ ನಿಮಗೆ ಮರಳುತ್ತದೆ. ಐದಾರು ಅವನಲ್ಲೇ ಉಳಿಯಿತು. ರೂಮಿನಲ್ಲಿ ನಾಲ್ವರು ಮಾಣಿಗಳು ಕೈಗೆ ಹತ್ತು ರೂಪಾಯಿಯಂತೆ ನೂರು ಕೈ ಆಡಿದರೆಂದು ಇಟ್ಟುಕೊಳ್ಳಿ. ಒಂದು ರಾತ್ರಿ ಹೆಚ್ಚು, ಒಂದು ರಾತ್ರಿ ಕಡಿಮೆ. ಆದರೆ ಸರಾಸರಿಯಲ್ಲಿ ಬ್ಯಾಂಕು ಹಿಡಿದವನಿಗೆ ಇನ್ನೂರು ರೂಪಾಯಿಯ ಮೇಲೆ ಸೇರುತ್ತದೆ. ಅವನು ಮೋಸಗಾರನಾಗಬೇಕಿಲ್ಲ. ಎಲೆಗೆ ಗುರುತು ಹಾಕಬೇಕಿಲ್ಲ. ಕೂತ ಜಾಗ ಸಾಕು.

ಮಿಲ್ಲಿನಲ್ಲಿ ದುಡಿದ ಹಿರಿಯರಿಗೆ ಈ ಲೆಕ್ಕ ಹೊಸದಲ್ಲ. ನ್ಯೂಯಾರ್ಕಿನ ಹತ್ತಿ ದರದ ಅಂಕಿಗೆ ಕಟ್ಟುತ್ತಿದ್ದ ಜೂಜು ನಿಂತ ಮೇಲೆ, 1962ರಲ್ಲಿ ಕಲ್ಯಾಣಜಿ ಭಗತ್ ವರಳಿಯಲ್ಲಿ ಮಟ್ಕಾ ಆರಂಭಿಸಿದರು. ಮೂರು ಎಲೆ ತೆಗೆದು ಕೂಡಿಸಿ ಕೊನೆಯ ಅಂಕಿಯನ್ನು ಸಾರುವ ಪದ್ಧತಿಯೂ ಅದರಲ್ಲಿ ಬಂತು. ಅಂಕಿಗಳು ಹತ್ತು, ಗೆದ್ದವನಿಗೆ ಕೊಡುತ್ತಿದ್ದುದು ಒಂದಕ್ಕೆ ಒಂಬತ್ತು. ಆ ಹತ್ತನೆಯದು ಎಲ್ಲಿಗೆ ಹೋಯಿತೆಂದು ಗಿರಣಗಾಂವದ ಚಾಳುಗಳಲ್ಲಿ ಎಷ್ಟು ಮನೆಯವರು ಕೇಳಿಲ್ಲ! ಮಟ್ಕಾದಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ಇಪ್ಪತ್ತೊಂದರಲ್ಲಿ ಸರದಿಯೊಳಗೆ ಅಡಗಿ ಕೂತಿದೆ. ನಮ್ಮ ತುಳುನಾಡಿನ ಉಲಾಯಿ-ಪಿದಾಯಿಯಲ್ಲಿ ಬುದ್ಧಿಗೆ ಕೆಲಸವೇ ಇಲ್ಲ, ಅದರ ಮಾತು ಬಿಡೋಣ.

ಇಪ್ಪತ್ತೊಂದರಲ್ಲಿ ಬುದ್ಧಿಗೆ ಕೆಲಸವುಂಟು. 1956ರಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ನಾಲ್ವರು, ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್, ಮೇಜಿನ ಮೇಲಿನ ಲೆಕ್ಕದ ಯಂತ್ರಗಳಿಂದಲೇ ಈ ಆಟವನ್ನು ಹೇಗೆ ಆಡಬೇಕೆಂದು ಕಂಡುಹಿಡಿದು ಪ್ರಕಟಿಸಿದರು. ಅದರ ಸಾರದಲ್ಲಿ ಹೊಸಬರಿಗೆ ಬೇಕಾದುದು ಇಷ್ಟು. ಎಕ್ಕವಿಲ್ಲದೆ ನಿಮ್ಮಲ್ಲಿ ಹನ್ನೆರಡರಿಂದ ಹದಿನಾರರೊಳಗೆ ಇದೆ. ಅವನು ತೋರಿಸುತ್ತಿರುವುದು ನಾಲ್ಕು, ಐದು ಅಥವಾ ಆರು. ಸುಮ್ಮನೆ ನಿಲ್ಲಿ. ಆರು ತೋರಿಸಿದವನು ನೂರಕ್ಕೆ ನಲವತ್ತರ ಆಸುಪಾಸು ಮುಳುಗುತ್ತಾನೆ. ಮುಳುಗುವ ಅಪಾಯ ಅವನಿಗಿರಲಿ. ಅವನು ಏಳು ಅಥವಾ ಅದಕ್ಕೂ ಮೇಲಿನದನ್ನು ತೋರಿಸಿದರೆ ಹದಿನೇಳಾಗುವವರೆಗೆ ತೆಗೆಯಿರಿ. ಹದಿನಾರರ ಮೇಲೆ ತೆಗೆಯಲು ಕೈ ನಡುಗುತ್ತದೆ, ನಿಜ. ಹದಿಮೂರು ಬಗೆಯ ಎಲೆಗಳಲ್ಲಿ ಎಂಟು ನಿಮ್ಮನ್ನು ಮುಳುಗಿಸುತ್ತವೆ. ಆದರೂ ಅಲ್ಲಿ ನಿಂತವನು ತೆಗೆದವನಿಗಿಂತ ಹೆಚ್ಚು ಕಳೆದುಕೊಳ್ಳುತ್ತಾನೆ. ಅವನ ಎಕ್ಕ ಕಂಡಾಗ "ವಿಮೆ ಮಾಡಿಸುವಿರಾ?" ಎಂಬ ಪ್ರಶ್ನೆ ಬರುತ್ತದೆ. ಬೇಡವೆನ್ನಿ. ಅಡಿಯ ಎಲೆ ಹತ್ತರದಾದರೆ ಒಂದಕ್ಕೆ ಎರಡು ಕೊಡುತ್ತಾರೆ. ಆದರೆ ಹತ್ತರ ಬೆಲೆಯವು ಹದಿಮೂರರಲ್ಲಿ ನಾಲ್ಕೇ ಬಗೆ, ಮೂರರಲ್ಲಿ ಒಂದಕ್ಕೂ ಕಡಿಮೆ. ಹೆಸರು ವಿಮೆ, ಕೆಲಸ ಇನ್ನೊಂದು ಜೂಜು.

ಇಷ್ಟೆಲ್ಲ ಕಲಿತು ತಪ್ಪಿಲ್ಲದೆ ಆಡಿದರೆ, ನಿಯಮಗಳೂ ಸರಿಯಿದ್ದರೆ, ಅವನ ಪಾಲು ಐದಾರರಿಂದ ನೂರಕ್ಕೆ ಒಂದರೊಳಗೆ ಇಳಿಯುತ್ತದೆ. ಸೊನ್ನೆಯಾಗುವುದಿಲ್ಲ. ಹೋದ ಎಲೆಗಳನ್ನು ನೆನಪಿಟ್ಟು ಆ ಒಂದನ್ನೂ ದಾಟಬಹುದೆಂದು ಎಡ್ವರ್ಡ್ ಥಾರ್ಪ್ 1962ರಲ್ಲಿ ಪುಸ್ತಕ ಬರೆದರು. ಹದಿನಾಲ್ಕು ತಾಸು ತಟ್ಟೆ ಎತ್ತಿದವನ ತಲೆ ರಾತ್ರಿ ಹನ್ನೆರಡಕ್ಕೆ ಆ ಲೆಕ್ಕವನ್ನು ಹಿಡಿದೀತೆಂದು ನಾವು ನಂಬುವುದಿಲ್ಲ.

ಫೋನಿನಲ್ಲಂತೂ ಎಲೆ ಹಂಚುವವನ ಮುಖವೇ ಕಾಣದು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಒಪ್ಪಿತು. ಅದರಲ್ಲಿ ಶಿಕ್ಷೆ ಇರುವುದು ನಡೆಸುವವರಿಗೆ, ಆಡಿ ಕಳೆದುಕೊಂಡವರಿಗಲ್ಲ. ಆದುದರಿಂದ ಸಂಬಳ ಕಳೆದುಕೊಂಡ ಹುಡುಗರು ಹೆದರಿ ಮುಚ್ಚಿಡದೆ ಸಂಘದವರಿಗೆ ಹೇಳಬೇಕು. ಸಾಲ ಮಾಡಿ ಸಾಲ ತೀರಿಸಲು ಮತ್ತೆ ಆಡುವ ಮೊದಲೇ ಹೇಳಬೇಕು.

ರೂಮಿನ ಆಟಕ್ಕೆ 1887ರ ಮುಂಬಯಿ ಜುಗಾರಿ ಕಾಯಿದೆಯ ಕಾಲದಿಂದ ಪೊಲೀಸರ ಭಯ ಇದ್ದೇ ಇದೆ. ರಮ್ಮಿ ಕೌಶಲದ ಆಟವೆಂದು 1967ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗಲೂ, ಮನೆಯವನು ಆಟದಿಂದ ಲಾಭ ಮಾಡಿದರೆ ಅಪರಾಧವಾದೀತೆಂದು ಸೇರಿಸಿಯೇ ಹೇಳಿತು. ಹಾಗಾಗಿ ನಮ್ಮ ಸೂಚನೆ ಇದು: ಪಣ ಬೀಜವೇ ಇರಲಿ, ಮತ್ತು ಬ್ಯಾಂಕು ಯಾವ ಹಿರಿಯನ ಕೈಯಲ್ಲೂ ನಿಲ್ಲದಿರಲಿ. ಹತ್ತು ಕೈಗೊಮ್ಮೆ ಅದು ಬಲಗಡೆಯವನಿಗೆ ಹೋಗಲಿ, ಅಡುಗೆಭಟ್ಟರಿಂದ ಮೊನ್ನೆ ಸೇರಿದ ಮಾಣಿಯವರೆಗೆ. ಎಲ್ಲರಿಗೂ ಆ ಐದಾರು ಒಮ್ಮೊಮ್ಮೆ ಬಂದರೆ ಅದು ಯಾರದೂ ಆಗುವುದಿಲ್ಲ. ಬ್ಯಾಂಕು ಬಿಡಲೊಲ್ಲೆನೆನ್ನುವವನು ಇದ್ದರೆ, ಅವನಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತೆಂದು ತಿಳಿಯಿರಿ.