ರಬ್ಬರ್ ತೊಟ್ಟು ಮತ್ತು ಶಿಶುವಿನ ಕ್ಷೇಮ



ಹಾಲಿನ ಸೀಸೆಯ ರಬ್ಬರ್ ತೊಟ್ಟು ನೇರವಾಗಿ ಶಿಶುವಿನ ಬಾಯಿಗೆ ಸೇರುವ ವಸ್ತು. ಅದರ ಸಂದುಗಳಲ್ಲಿ ಉಳಿದ ಹಾಲಿನಲ್ಲಿ ರೋಗಾಣುಗಳು ಬೇಗನೆ ವೃದ್ಧಿಗೊಂಡು ಅತಿಸಾರಕ್ಕೆ ಕಾರಣವಾಗುತ್ತವೆ. ಹಾಗಾದರೆ ರೋಗಾಣುಗಳನ್ನು ತಾನೇ ನಾಶಪಡಿಸುವ ರಬ್ಬರನ್ನು ಏಕೆ ತಯಾರಿಸಬಾರದು? ಈ ಪ್ರಶ್ನೆ ಸಹಜವಾದುದೇ. ವಿಜ್ಞಾನಿಗಳು ಆ ದಿಸೆಯಲ್ಲಿ ಶ್ರಮಿಸುತ್ತಲೂ ಇದ್ದಾರೆ. ಅದರ ಗುಣದೋಷಗಳನ್ನು ಇಂದು ವಿಚಾರ ಮಾಡೋಣ.

ನಮ್ಮ ಸುಳ್ಯ, ಪುತ್ತೂರು ಸೀಮೆಯ ತೋಟಗಳಲ್ಲಿ ರಬ್ಬರ್ ಮರದಿಂದ ಒಸರುವ ಹಾಲು ಹಾಗೆಯೇ ಬಳಕೆಯ ವಸ್ತುವಾಗುವುದಿಲ್ಲ. ಗಂಧಕವನ್ನೂ, ಕ್ರಿಯೆಯನ್ನು ತ್ವರೆಗೊಳಿಸುವ ರಾಸಾಯನಿಕಗಳನ್ನೂ ಬೆರೆಸಿ ಕಾಯಿಸಿದಾಗಲೇ ಅದಕ್ಕೆ ದೃಢತೆ ಬರುವುದು. ಈ ರಾಸಾಯನಿಕಗಳಲ್ಲಿ ಕೆಲವು ನೈಟ್ರೋಸಮೀನ್ ಎಂಬ ಪದಾರ್ಥಗಳನ್ನು ಉಂಟುಮಾಡಬಲ್ಲವು. ಇವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು. ಆದುದರಿಂದಲೇ 1993ರಲ್ಲಿ ಯುರೋಪಿನ ರಾಷ್ಟ್ರಗಳ ಸಮುದಾಯವು ಒಂದು ಕಿಲೋಗ್ರಾಂ ತೊಟ್ಟಿನ ರಬ್ಬರಿನಿಂದ 0.01 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೋಸಮೀನ್ ಹೊರಬರಕೂಡದೆಂದು ಕಟ್ಟಳೆ ಮಾಡಿತು. ರಬ್ಬರಿನಲ್ಲಿರುವುದು ಜೊಲ್ಲಿನೊಡನೆ ಮಗುವಿನ ಹೊಟ್ಟೆಗೂ ಇಳಿಯಬಲ್ಲದು ಎಂಬುದೇ ಇದರ ತಾತ್ಪರ್ಯ.

ರೋಗಾಣುನಾಶಕ್ಕೆಂದು ಬೆರೆಸುವ ಪದಾರ್ಥಗಳಲ್ಲಿ ಬೆಳ್ಳಿ ಮುಖ್ಯವಾದುದು. ಬೆಳ್ಳಿಯ ಅಯಾನುಗಳು ತೇವದಲ್ಲಿ ಹೊರಬಂದು ರೋಗಾಣುವಿನ ಜೀವಕ್ರಿಯೆಯನ್ನು ಕೆಡಿಸುತ್ತವೆ. ಆದರೆ ಮನೆಯ ಬೆಳ್ಳಿಯ ಲೋಟ ಗಂಧಕದ ಸೋಂಕಿನಿಂದ ಕಪ್ಪಾಗುವಂತೆ, ರಬ್ಬರಿನೊಳಗಿನ ಗಂಧಕವೂ ಬೆಳ್ಳಿಯನ್ನು ಹಿಡಿದಿಟ್ಟು ಅದರ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ತೊಡಕೂ ಉಂಟು. ರೋಗಾಣು ಸಾಯಬೇಕಾದರೆ ಬೆಳ್ಳಿ ಹೊರಬರಬೇಕು. ಮಗು ಕ್ಷೇಮವಾಗಿರಬೇಕಾದರೆ ಹೊರಬರುವ ಪ್ರಮಾಣ ಅತ್ಯಲ್ಪವಾಗಿರಬೇಕು. ಈ ಎರಡನ್ನೂ ಹೊಂದಿಸುವುದೇ ತಯಾರಕರ ಮುಂದಿರುವ ಕಠಿಣ ಕಾರ್ಯ.

ಇಂತಹ ಗುಣವನ್ನು ಅಳೆಯಲು ಬಳಸುವ ಒಂದು ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ರೋಗಾಣುಗಳಿರುವ ದ್ರವವನ್ನು ಶುದ್ಧವಾದ ಮೇಲ್ಮೈಯ ಮೇಲೆ ತೆಳುವಾಗಿ ಹರಡಿ, 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಇಡುತ್ತಾರೆ. ನಮ್ಮ ಅಡುಗೆಮನೆಯ ಸ್ಥಿತಿ ಬೇರೆ. ಹಾಲಿನ ಜಿಡ್ಡು ತೊಟ್ಟಿಗೆ ಅಂಟಿದರೆ ಬೆಳ್ಳಿಗೂ ರೋಗಾಣುವಿಗೂ ನಡುವೆ ತೆರೆಯೊಂದು ಬೀಳುತ್ತದೆ. ಮಗು ಅತ್ತಾಗ 24 ಗಂಟೆ ಕಾಯುವಂತೆಯೂ ಇಲ್ಲ. ‘ರೋಗಾಣುನಿರೋಧಕ’ ಎಂಬ ಚೀಟಿಯನ್ನು ನಂಬಿ ತೊಳೆಯುವುದನ್ನು ಬಿಟ್ಟ ಮನೆಯಲ್ಲಿ, ರಕ್ಷಣೆಗೆಂದು ತಂದ ವಸ್ತುವೇ ಅಪಾಯಕ್ಕೆ ದಾರಿಯಾದೀತು.

ಆದುದರಿಂದ ಮೊದಲ ಆರು ತಿಂಗಳು ಶಿಶುವಿಗೆ ಎದೆಹಾಲನ್ನು ಮಾತ್ರ ಕೊಡಿ. ನಮ್ಮ ದೇಶದಲ್ಲಿ 1992ರ ಕಾಯಿದೆಯು ಹಾಲಿನ ಸೀಸೆಗಳ ಜಾಹೀರಾತನ್ನೇ ನಿಷೇಧಿಸಿರುವುದು ಇದೇ ಹಿತದೃಷ್ಟಿಯಿಂದ. ವೈದ್ಯರ ಸಲಹೆಯಂತೆ ಬೇರೆ ಹಾಲು ಅನಿವಾರ್ಯವಾದರೆ, ತೊಳೆದು ಕುದಿಸಿದ ಲೋಟ ಅಥವಾ ನಮ್ಮ ಹಿರಿಯರು ಬಳಸುತ್ತಿದ್ದ ಒಳಲೆ ಮೇಲು. ಸೀಸೆಯನ್ನೇ ಬಳಸುವವರು ಪ್ರತಿ ಸಲವೂ ತೊಟ್ಟಿನ ಒಳಹೊರಗನ್ನು ಸಾಬೂನಿನಿಂದ ಉಜ್ಜಿ ತೊಳೆದು, ನೀರಿನಲ್ಲಿ ಪೂರ್ಣ ಮುಳುಗಿಸಿ 5 ನಿಮಿಷ ಕುದಿಸಬೇಕು. ಬಿರುಕು ಬಿಟ್ಟ, ಅಂಟುಅಂಟಾದ ತೊಟ್ಟನ್ನು ಎಸೆಯಬೇಕು.

ವಿಜ್ಞಾನವು ಮುಂದೆ ಇನ್ನೂ ಉತ್ತಮವಾದ ರಬ್ಬರನ್ನು ನೀಡಬಹುದು. ಆಗಲೂ ತಾಯಿಯ ಶುಚಿಯಾದ ಕೈಗೆ, ಕುದಿಯುವ ನೀರಿಗೆ ಅದು ನೆರವಾದೀತೇ ಹೊರತು ಬದಲಿಯಾಗಲಾರದು.