ಮಂದ್ರಕ್ಕೊಂದು ಜೀವಾಳಿ

(ಬಾನುಲಿ ಭಾಷಣ)

ನಮ್ಮ ಮರವಂತೆಯನ್ನು ಬಲ್ಲವರಿಗೆ ಅದರ ನೋಟವನ್ನು ವರ್ಣಿಸಬೇಕಾದುದಿಲ್ಲ. ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಕಡಲಿನ ಬಳಿಗೆ ಬಂದೂ ಅದನ್ನು ಸೇರದೆ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯವರೆಗೆ ನಡೆಯುವ ಆ ನದಿಯ ಹಟವನ್ನು ನೋಡಲು ಪ್ರವಾಸಿಗಳು ವಾಹನ ನಿಲ್ಲಿಸುತ್ತಾರೆ. ಆದರೆ ಬಾನುಲಿಯಲ್ಲಿ ನೋಟಕ್ಕೆ ಎಡೆಯಿಲ್ಲ. ಇಲ್ಲಿ ಕಿವಿಯದೇ ಕಾರುಬಾರು. ಆದುದರಿಂದ ನಾನು ಮರವಂತೆಯ ಸದ್ದಿನಿಂದಲೇ ತೊಡಗುತ್ತೇನೆ.

ಆಷಾಢದ ರಾತ್ರಿ ನಮ್ಮ ಮನೆಯ ಪಡುವಣ ಕಿಟಕಿಯನ್ನು ತೆರೆದಿಟ್ಟರೆ ಕಡಲಿನ ಮೊರೆತ ಇಡಿಯಾಗಿ ಕೇಳುತ್ತದೆ. ತಳದಲ್ಲಿ ಗುಡುಗಿನಂಥ ಗುಮ್ಮೆನ್ನುವ ನಾದ. ಅದರ ಮೇಲೆ ತೆರೆ ಒಡೆಯುವ ಭೋರು. ಎಲ್ಲಕ್ಕಿಂತ ಮೇಲೆ, ನೊರೆಯು ಮರಳಿನಲ್ಲಿ ಇಂಗುವ ಸುಯಿಲು. ಈಗ ಕಿಟಕಿಯ ಕದವನ್ನು ಮೆಲ್ಲಮೆಲ್ಲನೆ ಮುಚ್ಚುತ್ತ ಬನ್ನಿ. ಮೊದಲು ನೊರೆಯ ಸದ್ದು ಅಡಗುತ್ತದೆ, ಆಮೇಲೆ ಭೋರು. ಪೂರ್ತಿ ಮುಚ್ಚಿದಾಗ ಒಳಗೆ ಉಳಿಯುವುದು ಆ ಗುಮ್ಮೆನ್ನುವ ನಾದವೊಂದೇ. ಕಡಲು ಇದ್ದಂತೆಯೇ ಇದೆ. ಕದವು ಅದನ್ನು ಸೋಸಿತು, ಅಷ್ಟೆ. ಕೇಳುಗರು ಈ ಕಿಟಕಿಯನ್ನು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ನನ್ನ ತಂಗಿಯ ಮಗನೊಬ್ಬ ಬಾಸ್ ಗಿಟಾರ್ ನುಡಿಸುತ್ತಾನೆ. ಮದುವೆ, ಜಾತ್ರೆಗಳಲ್ಲಿ ರಸಮಂಜರಿ ನಡೆಸುವ ಒಂದು ತಂಡದಲ್ಲಿ ಅವನು ಎಲ್ಲರಿಗಿಂತ ಹಿಂದೆ ನಿಲ್ಲುವವನು. ಅವನ ವಾದ್ಯಕ್ಕೆ ನಾಲ್ಕು ದಪ್ಪ ತಂತಿಗಳು. ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಹಾಡನ್ನು ಕೇಳಿದವರು ಹಾಡಿದವರನ್ನು ಹೊಗಳುತ್ತಾರೆ, ಕೊಳಲನ್ನು ಹೊಗಳುತ್ತಾರೆ. ಮಂದ್ರದಲ್ಲಿ ಹಾಡನ್ನು ಹೊತ್ತುಕೊಂಡವನನ್ನು ಯಾರೂ ಕೇಳುವುದಿಲ್ಲ. ಮನೆಯ ಪಂಚಾಂಗದ ಕಲ್ಲನ್ನು ಯಾರು ಹೊಗಳುತ್ತಾರೆ?

ಒಂದು ಮಳೆಗಾಲ ಅವನು ಎರಡು ಪುಟ್ಟ ಲೋಹದ ಪೆಟ್ಟಿಗೆಗಳನ್ನು ಹೊತ್ತು ನಮ್ಮಲ್ಲಿಗೆ ಬಂದ. ಕಾಲಿನಿಂದ ಒತ್ತುವ ಇಂಥ ಪೆಟ್ಟಿಗೆಗಳಿಗೆ ಪೆಡಲ್ ಎಂದು ಹೆಸರು. ಒಂದು ಫಜ್, ಇನ್ನೊಂದು ಎನ್ವಲಪ್ ಫಿಲ್ಟರ್. ಅಂಚೆಯ ಲಕೋಟೆಗೂ ಇದಕ್ಕೂ ನಂಟಿಲ್ಲವೆಂದು ಅವನೇ ನಗುತ್ತ ಹೇಳಿದ. ಹುಡುಗನ ಕಣ್ಣುಗಳಲ್ಲಿ ಹೊಸ ಕರುವನ್ನು ಮನೆಗೆ ತಂದವನ ಸಂಭ್ರಮ. ಮೊದಲನೆಯದನ್ನು ಒತ್ತಿ ಒಂದು ಸ್ವರ ಮೀಟಿದ. ದುಂಡಗಿದ್ದ ನಾದ ಗರಗರನೆ ಹರಿದುಹೋಯಿತು. ಎರಡನೆಯದನ್ನು ಒತ್ತಿದಾಗ ಪ್ರತಿಯೊಂದು ಮೀಟಿಗೂ ತಂತಿ ‘ವಾ, ವಾ’ ಎಂದು ಬಾಯಿ ತೆರೆಯತೊಡಗಿತು.

ಆ ಕೋಣೆಯ ಮೂಲೆಯಲ್ಲಿ ನನ್ನ ತಾಯಿಯ ತಂಬೂರಿ ನಿಂತಿದೆ. ಅದನ್ನು ಮೀಟಿಕೊಂಡು ಅವರು ದೇವರನಾಮ ಹಾಡುತ್ತಿದ್ದರು. ನನಗೆ ಸಿಟ್ಟು ಬಂತು. “ಹರಿದ ಮದ್ದಲೆಗೂ ಇದಕ್ಕೂ ಏನು ಭೇದ? ಶ್ರುತಿಯಿರುವ ಮನೆಯಲ್ಲಿ ಇದು ಬೇಡ” ಎಂದೆ. “ಮಾವಯ್ಯ, ಒಂದ್ ಸಲ ಪೂರಾ ಕೇಣಿ” ಎಂದು ಅವನು ಬೇಡಿದ. ನಾನು ಎದ್ದು ಜಗಲಿಗೆ ಹೋದೆ. ಹುಡುಗ ತಂತಿಗಳನ್ನು ಸುತ್ತಿಕೊಂಡು, ಬಡಿಸಿಟ್ಟ ಊಟವನ್ನು ಬಿಟ್ಟು, ಆ ಮಳೆಯಲ್ಲೇ ನಡೆದುಬಿಟ್ಟ. ಅದಾದ ಮೇಲೆ ಎರಡು ಮಳೆಗಾಲ ಕಳೆದರೂ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು ನಾನು. ತಂತಿಯ ಕಂಪನ, ಉಪಸ್ವರಗಳು ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಆದರೆ ಹಲಗೆಯ ಮೇಲೆ ಬರೆದದ್ದು ಕಿವಿಗೆ ಇಳಿಯಲು ಎಪ್ಪತ್ತು ದಾಟಬೇಕಾಯಿತು.

ಅದು ಹೀಗಾಯಿತು. ತಂಬೂರಿಗೆ ಹೊಸ ತಂತಿ ಹಾಕಿ, ಶ್ರುತಿ ಕೂಡಿಸಿ, ಕುದುರೆಯ ಮೇಲೆ ತಂತಿಗಳ ಅಡಿಯಲ್ಲಿ ನೂಲಿನ ಎಳೆಯನ್ನು ಇಡಲು ಕುಳಿತೆ. ಈ ಎಳೆಯನ್ನು ಜೀವಾಳಿ ಎನ್ನುತ್ತಾರೆ. ಎಳೆಯಿಲ್ಲದ ತಂಬೂರಿ ಮಂಕಾಗಿ ‘ಟಂಯ್’ ಎಂದು ಸುಮ್ಮನಾಗುತ್ತದೆ. ಎಳೆಯನ್ನು ಕೂದಲೆಳೆಯಷ್ಟು ಹಿಂದುಮುಂದು ಸರಿಸುತ್ತ ಸರಿಯಾದ ತಾವನ್ನು ಮುಟ್ಟಿಸಿದೊಡನೆ ನಾದ ಜೇನ್ನೊಣದ ಹಿಂಡಿನಂತೆ ಝೇಂಕರಿಸಿ ಬೆಳಗುತ್ತದೆ. ನಾನು ಎಳೆಯನ್ನು ಸರಿಸಿದೆ, ಮತ್ತೆ ಸರಿಸಿದೆ, ಬೆಳಗಲಿಲ್ಲ. ನೂಲು ಬದಲಿಸಿದೆ, ಬೆಳಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಬಂದ ನನ್ನ ಹೆಂಡತಿ, ಶ್ರುತಿ ಇಷ್ಟು ಚೆನ್ನಾಗಿ ಹೊಮ್ಮುತ್ತಿರುವಾಗ ಎಳೆಯನ್ನು ಮತ್ತೆಮತ್ತೆ ಏಕೆ ಕದಲಿಸುತ್ತೀರಿ ಎಂದು ಕೇಳಿದಳು.

ನಾನು ತಂಬೂರಿಯನ್ನು ಒರಗಿಸಿಟ್ಟೆ. ವಯಸ್ಸು ಕಿವಿಯಿಂದ ಮೊದಲು ಕಸಿದುಕೊಳ್ಳುವುದು ತಾರದ ಸೂಕ್ಷ್ಮ ಕಂಪನಗಳನ್ನು. ಮಾತು ಕೇಳುತ್ತದೆ, ಕಡಲಿನ ಮೊರೆತ ಕೇಳುತ್ತದೆ; ಜೀವಾಳಿಯ ಮೇಲ್ತುದಿಯ ಹೊಳಪು ಕೇಳುವುದಿಲ್ಲ. ಯಾವುದರ ಹೆಸರಿನಲ್ಲಿ ನಾನು ಹುಡುಗನನ್ನು ಹೊರಗೆ ಕಳಿಸಿದೆನೋ ಅದು ನನಗೇ ಕೇಳುತ್ತಿರಲಿಲ್ಲ.

ಕಿವಿ ಕೈಕೊಟ್ಟಾಗ ಮಾಸ್ತರನಿಗೆ ಉಳಿಯುವುದು ಪುಸ್ತಕ. ಚಂದ್ರಶೇಖರ ವೆಂಕಟರಾಮನ್ನರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ನಮ್ಮ ತಂಬೂರಿ ಮತ್ತು ವೀಣೆಗಳ ಕುರಿತು ಒಂದು ಪ್ರಬಂಧ ಬರೆದರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಕ್ಕೆ ನಿಶ್ಚಲ ತಾಣವಿದೆಯೋ ಆ ಉಪಸ್ವರ ಹುಟ್ಟಬಾರದೆಂಬುದು ಯಂಗ್ ಎಂಬ ವಿಜ್ಞಾನಿಯ ನಿಯಮ. ತಂಬೂರಿ ಈ ನಿಯಮಕ್ಕೆ ತಲೆಬಾಗುವುದಿಲ್ಲವೆಂದು ರಾಮನ್ನರು ತೋರಿಸಿದರು. ಕಾರಣ, ಅದರ ಅಗಲವಾದ, ತುಸು ಬಾಗಿದ ಕುದುರೆ. ತಂತಿಯು ಪ್ರತಿಯೊಂದು ಕಂಪನದಲ್ಲೂ ಆ ಬಾಗಿದ ಮೈಯನ್ನು ಸವರಿ ಹೋಗುತ್ತದೆ. ಅದರ ತೂಗಾಟಕ್ಕೆ ಒಂದು ಕಡೆ ತಡೆ ಬೀಳುತ್ತದೆ. ಆ ತಡೆಯಿಂದ ಉಪಸ್ವರಗಳು ಸಮೃದ್ಧವಾಗಿ ಹುಟ್ಟುತ್ತವೆ. ಎಳೆಯ ಕೆಲಸ ಈ ಸವರುವಿಕೆಯನ್ನು ಹದಗೊಳಿಸುವುದು. ಮುಂದೆ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಅವರು ಭಾರತೀಯ ಚರ್ಮವಾದ್ಯಗಳ ಮೇಲೂ ಬರೆದು, ಮೃದಂಗದ ಕಪ್ಪು ಕರಣೆಯು ಚರ್ಮದ ಒರಟು ಸದ್ದನ್ನು ಹೇಗೆ ಸುಸ್ವರವಾಗಿ ಹೊಂದಿಸುತ್ತದೆಂಬುದನ್ನು ವಿವರಿಸಿದರು. ಶುದ್ಧನಾದ ಸಾಕೆಂದು ನಮ್ಮ ಹಿರಿಯರು ಎಂದೂ ಸುಮ್ಮನಿರಲಿಲ್ಲ. ನೂಲು, ಅಂಟು, ಕಬ್ಬಿಣದ ಪುಡಿ, ರವೆಯ ಮುದ್ದೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿ ನಾದಕ್ಕೆ ಬಣ್ಣ ಕಟ್ಟಿದರು.

ಇನ್ನು ಫಜ್ಜಿನ ಕಥೆ. ಅದು ಹುಟ್ಟಿದ್ದು ಒಂದು ಕೆಟ್ಟ ಯಂತ್ರದಿಂದ. ಅದೂ ಒಂದು ಬಾಸ್ ವಾದ್ಯದ ಮೇಲೆ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಮಾರ್ಟಿ ರಾಬಿನ್ಸನ ‘ಡೋಂಟ್ ವರಿ’ ಎಂಬ ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬಾಸ್ ವಾದ್ಯದ ಧ್ವನಿ ಕೆಟ್ಟುಹೋದ ಒಂದು ವಿದ್ಯುತ್ ಮಾರ್ಗವನ್ನು ಹಾದು ಗರಗರನೆ ಹೊರಬಂತು. ಅದನ್ನು ಅಳಿಸದೆ ಹಾಗೆಯೇ ಉಳಿಸಿದರು. ಹಾಡು 1961ರಲ್ಲಿ ಹೊರಬಂದು ಜನಪ್ರಿಯವಾಯಿತು. ಆ ಕೆಟ್ಟ ಸದ್ದನ್ನೇ ಬೇಕೆಂದಾಗ ಪಡೆಯುವಂತೆ ಧ್ವನಿಮುದ್ರಣದ ಇಂಜಿನಿಯರ್ ಗ್ಲೆನ್ ಸ್ನಾಡಿ ಒಂದು ಸರ್ಕ್ಯೂಟನ್ನು ರೂಪಿಸಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮಾಯ್‌ಸ್ಟ್ರೊ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಿಂದ ಅದರ ದನಿ ಜಗತ್ತಿಗೆಲ್ಲ ಪರಿಚಯವಾಯಿತು.

ಅದರ ಕೆಲಸ ಸರಳ. ತಂತಿಯಿಂದ ಬಂದ ಸಣ್ಣ ವಿದ್ಯುತ್ ಅಲೆಯನ್ನು ಟ್ರಾನ್ಸಿಸ್ಟರುಗಳು ಮಿತಿಮೀರಿ ಹಿಗ್ಗಿಸುತ್ತವೆ. ಪೆಟ್ಟಿಗೆಯ ಮಾಡು ತಗ್ಗು. ಅಲೆಯ ತಲೆ ಮಾಡಿಗೆ ತಾಗಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಉಪಸ್ವರಗಳು ತುಂಬಿಕೊಳ್ಳುತ್ತವೆ. ಅಲ್ಲಿ ತಂಬೂರಿಯ ಕುದುರೆ ತಂತಿಯ ತೂಗಾಟವನ್ನು ತಡೆಯಿತು. ಇಲ್ಲಿ ಟ್ರಾನ್ಸಿಸ್ಟರಿನ ಮಿತಿ ಅಲೆಯ ತೂಗಾಟವನ್ನು ತಡೆಯಿತು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ತಂಬೂರಿಯ ನಯ ಫಜ್ಜಿಗಿಲ್ಲ. ಆದರೆ ಇಬ್ಬರೂ ಒಂದೇ ಬಳಿಯವರು.

ಮಂದ್ರಕ್ಕೆ ಇದರಿಂದ ಏನು ಲಾಭ? ಉತ್ತರ ನಿಮ್ಮ ರೇಡಿಯೋದಲ್ಲಿಯೇ ಇದೆ. ಅಂಗೈಯಗಲದ ಸ್ಪೀಕರು 41 ಕಂಪನಗಳ ನಾದವನ್ನು ಹೊರಡಿಸಲಾರದು. ಆದರೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು, ಹೀಗೆ 82, 123, 164, 205 ಎಂದು ಉಪಸ್ವರಗಳ ಸಾಲು ಮೇಲೇರುತ್ತದಷ್ಟೆ. ಮೇಲಿನ ಕೆಲವು ಕಿವಿಗೆ ಬಿದ್ದರೆ ಸಾಕು, ಕೇಳಿಸದ ಮೂಲಸ್ವರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಮಕ್ಕಳ ಸಾಲನ್ನು ನೋಡಿ ತಂದೆಯ ಮುಖವನ್ನು ಊಹಿಸಿದ ಹಾಗೆ. ಫಜ್ಜು ಆ ಮಕ್ಕಳ ಕೈಗೆ ದೀಪ ಕೊಡುತ್ತದೆ. ಗುಂಪಿನಲ್ಲಿ ಮುಳುಗಿಹೋಗುತ್ತಿದ್ದ ಬಾಸ್ ಸಣ್ಣ ಸ್ಪೀಕರಿನಲ್ಲೂ ತನ್ನ ಇರವನ್ನು ಸಾರುತ್ತದೆ.

ಈಗ ನಮ್ಮ ಕಿಟಕಿಗೆ ಬರೋಣ. ಎನ್ವಲಪ್ ಫಿಲ್ಟರ್ ಎಂದರೆ ಆ ಕಿಟಕಿಯ ಕದವೇ. ಅದನ್ನು ತೆರೆದು ಮುಚ್ಚುವುದು ಮಾತ್ರ ಮೀಟಿನ ರಭಸ. ಬಲವಾಗಿ ಮೀಟಿದರೆ ಕದ ಅಗಲವಾಗಿ ತೆರೆಯುತ್ತದೆ. ನಾದ ಕುಗ್ಗಿದಂತೆ ತಾನೇ ಮುಚ್ಚುತ್ತ ಬರುತ್ತದೆ. ಮೆಲ್ಲಗೆ ಮೀಟಿದರೆ ಕದ ಬಿರಿಯುವುದೇ ಇಲ್ಲ. ನಾದದ ಏರಿಳಿತದ ಹೊರಗೆರೆಗೆ ಎನ್ವಲಪ್ ಎಂದು ಹೆಸರು. 1972ರಲ್ಲಿ ಮೈಕ್ ಬೀಗೆಲ್ ಎಂಬಾತ ರೂಪಿಸಿದ ಮ್ಯೂ-ಟ್ರಾನ್ ಮೂರು ಎಂಬ ಪೆಟ್ಟಿಗೆ ಈ ಜಾತಿಯಲ್ಲಿ ಹೆಸರಾಯಿತು. ಬೂಟ್ಸಿ ಕಾಲಿನ್ಸ್ ತನ್ನ ಬಾಸ್ ವಾದನದಲ್ಲಿ ಅದನ್ನು ನಗಿಸಿದ, ಮಾತನಾಡಿಸಿದ.

ಮಾತನಾಡಿಸಿದ ಎಂದದ್ದು ಅಲಂಕಾರಕ್ಕಲ್ಲ. ಕೇಳುಗರು ಈಗಲೇ ಪರೀಕ್ಷಿಸಬಹುದು. ಒಂದೇ ಶ್ರುತಿಯಲ್ಲಿ ‘ಊ’ ಎಂದು ಹಿಡಿದು, ಶ್ರುತಿ ಬದಲಿಸದೆ, ಮೆಲ್ಲನೆ ‘ಆ’ ಎಂದು ಬಾಯಿ ತೆರೆಯಿರಿ. ಗಂಟಲಿನ ತಂತು ಮಾಡುವ ಸದ್ದು ಅದೇ. ಬಾಯಿಯ ಆಕಾರ ಅದನ್ನು ಬೇರೆಬೇರೆಯಾಗಿ ಸೋಸಿತು. ನಮ್ಮ ವರ್ಣಮಾಲೆಯ ಸ್ವರಗಳೆಲ್ಲ ಹೀಗೆ ಸೋಸಿ ಪಡೆದವುಗಳು. ಆ ಪೆಟ್ಟಿಗೆ ತಂತಿಗೆ ಒಂದು ಬಾಯಿಯನ್ನು ಕೊಟ್ಟಿದೆ.

ಇಷ್ಟೆಲ್ಲ ತಿಳಿದ ಮೇಲೆ ಇದರ ದೋಷಗಳೂ ತಿಳಿಯದೆ ಇರಲಿಲ್ಲ. ಫಜ್ಜಿನಲ್ಲಿ ಎರಡು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಅವು ಒಂದನ್ನೊಂದು ಕಚ್ಚಿ ಬೇಡದ ಮೂರನೆಯ, ನಾಲ್ಕನೆಯ ಸದ್ದುಗಳನ್ನು ಹುಟ್ಟಿಸುತ್ತವೆ. ತಳದ ಭಾರವೂ ಕೆಲವೊಮ್ಮೆ ಸೊರಗುತ್ತದೆ. ಅದಕ್ಕೆಂದೇ ಬಲ್ಲವರು ಶುದ್ಧನಾದವನ್ನೂ ಜೊತೆಗೆ ಬೆರೆಸುತ್ತಾರೆ. 1965ರ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿನಲ್ಲಿ ಬೀಟಲ್ಸ್ ತಂಡದವರು ಒಂದು ಶುದ್ಧ ಬಾಸನ್ನೂ ಒಂದು ಫಜ್ ಬಾಸನ್ನೂ ಒಟ್ಟಿಗೆ ಇಟ್ಟರು. ಎರಡು ಪೆಡಲುಗಳನ್ನು ಜೋಡಿಸುವಾಗ ಇನ್ನೊಂದು ತೊಡಕು. ಫಜ್ಜನ್ನು ಮೊದಲಿಟ್ಟರೆ ಸೋಸಲು ಬೇಕಾದಷ್ಟು ಉಪಸ್ವರಗಳು ದೊರೆಯುತ್ತವೆ. ಆದರೆ ಫಜ್ಜು ಬಲವಾದ ಮೀಟನ್ನೂ ಮೆಲುವಾದ ಮೀಟನ್ನೂ ಒಂದೇ ಮಟ್ಟಕ್ಕೆ ತರುವುದರಿಂದ ಕದಕ್ಕೆ ಬೆರಳಿನ ಭಾವ ತಿಳಿಯದು. ಫಿಲ್ಟರನ್ನು ಮೊದಲಿಟ್ಟರೆ ಬೆರಳಿನ ಭಾವ ಉಳಿಯುತ್ತದೆ. ಅದು ಬಿಡಿಸಿದ ಬಣ್ಣವನ್ನು ಹಿಂದೆ ಬರುವ ಫಜ್ಜು ಕಲಸುತ್ತದೆ. ಹದವನ್ನು ಕಿವಿಯೇ ಹುಡುಕಬೇಕು, ಜೀವಾಳಿಯ ಎಳೆಯನ್ನು ಹುಡುಕಿದಂತೆ.

ಕಿವಿಗಳು ತಪ್ಪುವುದು ಹೊಸತಲ್ಲ. ಅಖಿಲ ಭಾರತ ರೇಡಿಯೋ 1940ರಲ್ಲಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತು. ಗಮಕ ನುಡಿಯದ ವಾದ್ಯವೆಂಬುದು ಆಕ್ಷೇಪ. ಅದು ಸುಳ್ಳೂ ಅಲ್ಲ. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಈ ನಡುವೆ ನಮ್ಮ ಕರಾವಳಿಯ ಬಯಲಾಟಗಳಲ್ಲಿ ಹಾರ್ಮೋನಿಯಮ್ಮೇ ಭಾಗವತರಿಗೆ ಶ್ರುತಿ ಹಿಡಿಯುತ್ತಿತ್ತು. ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದಾಗ ಮೂಗು ಮುರಿದವರೂ ಇದ್ದರು, ಮೈಮರೆತವರೂ ಇದ್ದರು. ಆಗ ಪೂರ್ತಿ ಕುಳಿತು ಕೇಳಿದವರಿಗೆ ಮಾತ್ರ ಮೆಚ್ಚುವ ಅಥವಾ ತೆಗಳುವ ಹಕ್ಕಿತ್ತು. ನಾನು ಪೂರ್ತಿ ಕೇಳದೆ ಎದ್ದುಹೋದವನು.

ಕಳೆದ ಶ್ರಾವಣದಲ್ಲಿ ತಂಗಿಯ ಕೈಯಲ್ಲಿ ಹೇಳಿಕಳಿಸಿದೆ: ತಂಬೂರಿಗೆ ಜೀವಾಳಿ ಕೂಡುತ್ತಿಲ್ಲ, ಒಮ್ಮೆ ಬಂದು ಹೋಗು ಎಂದು. ಅವನು ಬಂದ. ಹಳೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂಬೂರಿಯ ಬುರುಡೆಯ ಮೇಲೆ ತಲೆಬಾಗಿಸಿ, ಕಣ್ಣು ಮುಚ್ಚಿ, ನನ್ನ ತಾಯಿ ಮಾಡುತ್ತಿದ್ದಂತೆಯೇ ಎಳೆಯನ್ನು ಉಗುರಿನಿಂದ ಮೆಲ್ಲಗೆ ಸರಿಸಿದ. ಒಂದೆಡೆ ಬೆರಳು ನಿಂತಿತು. “ಇಲ್ಲಿ ಮಾವಯ್ಯ” ಎಂದ. ನನಗೆ ಏನೂ ಕೇಳಲಿಲ್ಲ. ಆದರೆ ಅವನ ಮುಖದಲ್ಲಿ ಶ್ರುತಿ ಕೂಡಿದ್ದು ಕಾಣುತ್ತಿತ್ತು, ನಾನು ಹೌದೆಂದೆ.

ಊಟವಾದ ಮೇಲೆ, ಆ ಪೆಟ್ಟಿಗೆ ತಂದಿದ್ದೀಯಾ ಎಂದು ನಾನೇ ಕೇಳಿದೆ. ತಂಬೂರಿಯ ಷಡ್ಜಕ್ಕೆ ಬಾಸನ್ನು ಕೂಡಿಸಿ, ಫಜ್ಜನ್ನು ತುಸುವೇ ಒತ್ತಿ, ಅವನು ಮಂದ್ರದ ಷಡ್ಜವನ್ನು ಮೀಟಿದ. ಕೆಳಗಿನ ಸ್ವರವಾದುದರಿಂದ ಅದರ ಉಪಸ್ವರಗಳು ನನ್ನ ಕಿವಿ ಇನ್ನೂ ಉಳಿಸಿಕೊಂಡಿರುವ ಎಲ್ಲೆಯೊಳಗೇ ಇದ್ದವು. ಬಹುದಿನಗಳ ಮೇಲೆ ನನಗೊಂದು ಝೇಂಕಾರ ಕೇಳಿತು. ಪಡುವಣ ಕಿಟಕಿ ತೆರೆದೇ ಇತ್ತು. ನಾನು ಕೊನೆಯವರೆಗೂ ಏಳಲಿಲ್ಲ.